ಬೋಳಾರದಿಂದ ದೇರೆಬೈಲಿಗೆ: ಒಂದು ಇಗರ್ಜಿಯ ವಂಶಾವಳಿ

ಮಂಗಳೂರು ನಗರದ ಉತ್ತರಕ್ಕೆ ಬಿಜೈ, ಕುಂಟಿಕಾನ, ಕೊಂಚಾಡಿ, ಯೆಯ್ಯಾಡಿಗಳ ಆಸುಪಾಸಿನಲ್ಲಿ ಹರಡಿಕೊಂಡಿರುವ ಊರು ದೇರೆಬೈಲ್. ಹೆಸರಿನಲ್ಲಿರುವ ‘ಬೈಲು’ ಎಂಬ ಮಾತನ್ನು ಮೊದಲು ಗಮನಿಸೋಣ. ತುಳುನಾಡಿನ ರೈತರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಗುಡ್ಡಗಳ ನಡುವೆ ತಗ್ಗಿನಲ್ಲಿರುವ, ನೀರು ನಿಲ್ಲುವ, ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರೂ ಬೆಳೆಗಳನ್ನು ಕೊಡಬಲ್ಲ ನೆಲವೇ ಬೈಲು. ಕೊಡಿಯಾಲಬೈಲು, ದೇರೆಬೈಲು ಮುಂತಾದ ಹೆಸರುಗಳು ಒಂದು ಕಾಲದ ಭತ್ತದ ಗದ್ದೆಗಳ ನೆನಪನ್ನು ಹೊತ್ತಿವೆ. ಇಂದು ಮಂಗಳೂರು ಮಹಾನಗರಪಾಲಿಕೆಯ ವಾರ್ಡುಗಳ ಪಟ್ಟಿಯಲ್ಲಿ ದೇರೆಬೈಲ್ ಉತ್ತರ, ದೇರೆಬೈಲ್ ದಕ್ಷಿಣ, ದೇರೆಬೈಲ್ ಪೂರ್ವ, ದೇರೆಬೈಲ್ ಪಶ್ಚಿಮ ಎಂಬ ಹೆಸರುಗಳಿವೆ. ಗದ್ದೆಯ ಹೆಸರು ನಗರದ ಹೆಸರಾಗಿದೆ.

ಈ ಊರಿನಲ್ಲಿ ಒಂದು ಕ್ಯಾಥೊಲಿಕ್ ಇಗರ್ಜಿ ಇದೆ. ಮಂಗಳೂರಿನ ಪ್ರಾಚೀನ ಇಗರ್ಜಿಗಳ ಸಾಲಿಗೆ ಸೇರಿದ್ದಲ್ಲ ಅದು. ಹೊಸ ತಲೆಮಾರಿಗೆ ಸೇರಿದ್ದು. ಹಾಗಾದರೆ ಅದರ ಇತಿಹಾಸ ಚಿಕ್ಕದೇ? ಮೇಲ್ನೋಟಕ್ಕೆ ಹಾಗೆ ಕಾಣಬಹುದು. ಆದರೆ ಮನುಷ್ಯರಿಗೆ ಇರುವಂತೆ ಇಗರ್ಜಿಗಳಿಗೂ ವಂಶಾವಳಿ ಇರುತ್ತದೆ. ಒಂದು ಹಳೆಯ ಇಗರ್ಜಿಯ ವ್ಯಾಪ್ತಿಯಿಂದ ಒಂದಿಷ್ಟು ಮನೆಗಳನ್ನು ಬೇರ್ಪಡಿಸಿ ಹೊಸ ಇಗರ್ಜಿಯನ್ನು ಸ್ಥಾಪಿಸುತ್ತಾರೆ. ಹಳೆಯದು ತಾಯಿ, ಹೊಸದು ಮಗಳು. ಆ ತಾಯಿಗೂ ಒಬ್ಬಳು ತಾಯಿ. ಹೀಗೆ ಹಿಂದಕ್ಕೆ ನಡೆಯುತ್ತಾ ಹೋದರೆ ದೇರೆಬೈಲಿನ ಗುಡ್ಡದಿಂದ ಹೊರಟ ನಾವು ನೇತ್ರಾವತಿ ನದಿಯ ದಂಡೆಯ ಬೋಳಾರವನ್ನು ಮುಟ್ಟುತ್ತೇವೆ. ಆ ದಾರಿಯ ಉದ್ದ ನಾಲ್ಕೂವರೆ ಶತಮಾನ.

ಮೂರು ಪದಗಳು

ಪಯಣಕ್ಕೆ ಹೊರಡುವ ಮುನ್ನ ಮೂರು ಪದಗಳ ಪರಿಚಯ ಮಾಡಿಕೊಳ್ಳೋಣ. ಕರಾವಳಿಯ ಕ್ಯಾಥೊಲಿಕರು ಚರ್ಚನ್ನು ‘ಇಗರ್ಜಿ’ ಎನ್ನುತ್ತಾರೆ. ಪೋರ್ಚುಗೀಸರ ‘ಇಗ್ರೆಜಾ’ ಎಂಬ ಪದ ಕೊಂಕಣಿಯ ಬಾಯಲ್ಲಿ ಹೀಗಾಗಿದೆ. ‘ಪಾದ್ರಿ’ ಎಂಬುದೂ ಅದೇ ಭಾಷೆಯದು. ತಂದೆ ಎಂದು ಅದರ ಅರ್ಥ. ಮೂರನೆಯದು ‘ಫಿರ್ಗಜ್’. ಒಂದು ಇಗರ್ಜಿಗೆ ಸೇರಿದ ಮನೆಗಳ ಸಮುದಾಯಕ್ಕೆ ಮತ್ತು ಅದರ ಗಡಿಯೊಳಗಿನ ಪ್ರದೇಶಕ್ಕೆ ಕೊಂಕಣಿಯಲ್ಲಿರುವ ಹೆಸರು ಇದು. ಪೋರ್ಚುಗೀಸರ ‘ಫ್ರೆಗೆಸಿಯಾ’ ಇದರ ಮೂಲ. ಕನ್ನಡದಲ್ಲಿ ಇದನ್ನು ಧರ್ಮಕೇಂದ್ರ ಎಂದು ಕರೆಯುತ್ತಾರೆ.

ಇಗರ್ಜಿ ಎಂದರೆ ಕಟ್ಟಡ, ಫಿರ್ಗಜ್ ಎಂದರೆ ಜನ. ಈ ವ್ಯತ್ಯಾಸ ಬಹಳ ಮುಖ್ಯವಾದದ್ದು. ಕಟ್ಟಡ ಬಿದ್ದರೂ ಜನ ಉಳಿಯಬಹುದು. ಜನರನ್ನು ಒಯ್ದರೆ ಕಟ್ಟಡ ಇದ್ದೂ ಇಲ್ಲದಂತೆ. ಮಂಗಳೂರಿನ ಇತಿಹಾಸದಲ್ಲಿ ಇವೆರಡೂ ನಡೆದಿವೆ.

ನದಿಯ ದಂಡೆಯಲ್ಲಿ ಆರಂಭ

ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಮಂಗಳೂರಿನ ಬಂದರಿಗೆ ಬಂದರು. ಅವರಿಗೆ ಬೇಕಾಗಿದ್ದುದು ಮುಖ್ಯವಾಗಿ ಅಕ್ಕಿ ಮತ್ತು ಮೆಣಸು. ಗೋವೆಯ ಊಟಕ್ಕೆ ಬೇಕಾದ ಅಕ್ಕಿಯಲ್ಲಿ ಹೆಚ್ಚಿನ ಪಾಲು ಈ ಕರಾವಳಿಯಿಂದಲೇ ಹೋಗುತ್ತಿತ್ತು. 1568ರಲ್ಲಿ ಅವರು ಇಲ್ಲಿ ಕೋಟೆಯೊಂದನ್ನು ಕಟ್ಟಿಕೊಂಡರು. ಬೋಳಾರದ ರೊಸಾರಿಯೊ ಮಾತೆಯ ಇಗರ್ಜಿಯ ಸ್ಥಾಪನೆಯೂ ಅದೇ ವರ್ಷದ್ದು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಮಂಗಳೂರಿಗೆ ಬಂದಾಗ ಇಲ್ಲಿ ಮೂರು ಇಗರ್ಜಿಗಳಿದ್ದುದನ್ನು ಬರೆದಿಟ್ಟಿದ್ದಾನೆ.

ಆದರೆ ಈ ಇಗರ್ಜಿಗಳನ್ನು ತುಂಬಿದವರು ಬರೀ ಪೋರ್ಚುಗೀಸ್ ಸೈನಿಕರು, ವ್ಯಾಪಾರಿಗಳು ಅಲ್ಲ. ಗೋವೆಯಿಂದ ಕೊಂಕಣಿ ಮಾತನಾಡುವ ಕ್ರೈಸ್ತರು ತಂಡತಂಡವಾಗಿ ದಕ್ಷಿಣಕ್ಕೆ ಬಂದರು. ಬಂದುದಕ್ಕೆ ಕಾರಣ ಒಂದಲ್ಲ. ಬರಗಾಲ, ಸಾಂಕ್ರಾಮಿಕ ರೋಗ, ಭಾರವಾದ ತೆರಿಗೆ, ಬಿಜಾಪುರದ ಆದಿಲಶಾಹಿಗಳೊಡನೆ ನಡೆದ ಯುದ್ಧ, 1683ರಲ್ಲಿ ಮರಾಠರು ನಡೆಸಿದ ದಾಳಿ, ಎಲ್ಲವೂ ಜನರನ್ನು ಮನೆ ಬಿಡಿಸಿದವು. ಇವುಗಳ ಜೊತೆಗೆ ಇನ್ನೊಂದು ಕಾರಣವಿತ್ತು. 1560ರಲ್ಲಿ ಗೋವೆಯಲ್ಲಿ ‘ಇನ್ಕ್ವಿಸಿಷನ್’ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಹೊಸದಾಗಿ ಕ್ರೈಸ್ತರಾದವರು ತಮ್ಮ ಹಿಂದಿನ ಆಚಾರಗಳನ್ನು, ಉಡುಪನ್ನು, ಕ್ರಮೇಣ ತಮ್ಮ ಭಾಷೆಯನ್ನೂ ಬಿಡಬೇಕೆಂಬ ಒತ್ತಡ ಹೆಚ್ಚಿತು. ತಮ್ಮದೇ ಧರ್ಮದ ನ್ಯಾಯಾಲಯಕ್ಕೆ ಹೆದರಿ ಊರು ಬಿಟ್ಟವರು ಬೇರೆ ಧರ್ಮದ ಅರಸರ ನಾಡಿನಲ್ಲಿ ನೆಲೆ ಕಂಡರು ಎಂಬುದು ಈ ಕಥೆಯ ಒಂದು ವಿಶೇಷ.

ಆ ಅರಸರು ಕೆಳದಿಯ ನಾಯಕರು. ನಾಯಕರಿಗೆ ಗೇಣಿ ಹಿಡಿದು ಭೂಮಿ ಮಾಡುವ ಶ್ರಮಜೀವಿಗಳು ಬೇಕಾಗಿದ್ದರು. ವಲಸೆ ಬಂದವರಿಗೆ ನೆಲ ಬೇಕಾಗಿತ್ತು. ಕೆಳದಿಯವರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ಅಕ್ಕಿಯ ವ್ಯಾಪಾರದ ಜೊತೆಗೆ ಇಗರ್ಜಿಗಳ ವಿಷಯವೂ ಬರುತ್ತಿತ್ತು.

ಚೆನ್ನಮ್ಮ ರಾಣಿ ಕೊಟ್ಟ ಜಾಗ

ಎರಡನೆಯ ತಲೆಮಾರಿನ ಇಗರ್ಜಿ ಹಂಪನಕಟ್ಟೆಯ ಮಿಲಾಗ್ರಿಸ್. 1680ರಲ್ಲಿ ಬಿಷಪ್ ತೋಮಸ್ ದೆ ಕಾಸ್ತ್ರೊ ಎಂಬವರು ಅದನ್ನು ಕಟ್ಟಿಸಿದರು. ದೆ ಕಾಸ್ತ್ರೊ ಗೋವೆಯ ಮೂಲದವರು. ಅವರಿಗೆ ಜಾಗವನ್ನು ಕೊಟ್ಟವರು ಕೆಳದಿಯ ಚೆನ್ನಮ್ಮ ರಾಣಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರಿಸಿದ ಚೆನ್ನಮ್ಮನ ಕಥೆಯನ್ನು ನೀವು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅದೇ ವೀರಶೈವ ರಾಣಿಯ ಹೆಸರು ಮಂಗಳೂರಿನ ಒಂದು ಇಗರ್ಜಿಯ ಚರಿತ್ರೆಯ ಮೊದಲ ಪುಟದಲ್ಲಿಯೂ ಬರುತ್ತದೆ.

ಇಲ್ಲಿ ದೂರದ ರೋಮ್ ನಗರದ ಒಂದು ಸಂಗತಿಯೂ ಸೇರಿಕೊಂಡಿದೆ. ಪೂರ್ವದ ದೇಶಗಳ ಇಗರ್ಜಿಗಳ ಮೇಲ್ವಿಚಾರಣೆಯನ್ನು ಪೋಪರು ಮೊದಲು ಪೋರ್ಚುಗಲ್ಲಿನ ದೊರೆಗೆ ವಹಿಸಿಕೊಟ್ಟಿದ್ದರು. ಇದಕ್ಕೆ ‘ಪದ್ರುವಾದೊ’ ಎಂದು ಹೆಸರು. 1622ರಲ್ಲಿ ರೋಮ್ ತನ್ನದೇ ಆದ ‘ಪ್ರೊಪಗಾಂಡಾ’ ಎಂಬ ಇಲಾಖೆಯನ್ನು ತೆರೆದು ನೇರವಾಗಿ ಬಿಷಪರನ್ನು ಕಳುಹಿಸತೊಡಗಿತು. ದೆ ಕಾಸ್ತ್ರೊ ಹೀಗೆ ಬಂದವರು. ಗೋವೆಯ ಆರ್ಚ್‌ಬಿಷಪರಿಗೆ ಇದು ಒಪ್ಪಿಗೆಯಾಗಲಿಲ್ಲ. ಮಂಗಳೂರಿನ ಇಗರ್ಜಿಗಳು ಗೋವೆಯ ಅಧೀನವೋ ರೋಮಿನ ಅಧೀನವೋ ಎಂಬ ತಕರಾರು ಹತ್ತೊಂಬತ್ತನೆಯ ಶತಮಾನದವರೆಗೂ ಮುಂದುವರಿಯಿತು.

ಜಾತಿಯ ಗೆರೆಗಳೂ ಇಗರ್ಜಿಯ ಬಾಗಿಲಲ್ಲಿ ನಿಲ್ಲಲಿಲ್ಲ. ಗೋವೆಯಿಂದ ಬಂದವರು ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳನ್ನು ಜೊತೆಯಲ್ಲಿ ತಂದರು. ಮದುವೆಯ ಸಂಬಂಧದಲ್ಲಿ, ಹಬ್ಬದ ಮರ್ಯಾದೆಯಲ್ಲಿ ಅವು ಬಹುಕಾಲ ಉಳಿದವು. ಇತಿಹಾಸವನ್ನು ಬರೆಯುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

1784: ದಿನ, ಸಂಖ್ಯೆ, ಸಾಕ್ಷ್ಯ

ಈಗ ನಾವು ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯಕ್ಕೆ ಬರುತ್ತೇವೆ. ಇದರ ಬಗ್ಗೆ ಮಾತನಾಡುವಾಗ ಧ್ವನಿ ಏರುವುದು ಸಹಜ. ಆದ್ದರಿಂದ ಪ್ರಯೋಗಶಾಲೆಯಲ್ಲಿ ತಕ್ಕಡಿ ಹಿಡಿಯುವವನ ಎಚ್ಚರ ಇಲ್ಲಿ ಬೇಕು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದುಕೊಂಡ ಮೇಲೆ ಕೆನರಾ ಮೈಸೂರಿನ ಆಳ್ವಿಕೆಗೆ ಸೇರಿತು. ಮಂಗಳೂರು ಮೈಸೂರಿನ ನೌಕಾನೆಲೆಯಾಯಿತು. ಇಂಗ್ಲಿಷರು 1768ರಲ್ಲಿ ಒಮ್ಮೆ, 1783ರಲ್ಲಿ ಜನರಲ್ ಮ್ಯಾಥ್ಯೂಸ್‌ನ ನೇತೃತ್ವದಲ್ಲಿ ಮತ್ತೊಮ್ಮೆ ಮಂಗಳೂರನ್ನು ಹಿಡಿದರು. ಟಿಪ್ಪು ಸುಲ್ತಾನ್ ಬಂದು ಕೋಟೆಗೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮುತ್ತಿಗೆಯ ನಂತರ 1784ರ ಜನವರಿ ಕೊನೆಯಲ್ಲಿ ಇಂಗ್ಲಿಷರ ಪಡೆ ಕೋಟೆ ಬಿಟ್ಟುಕೊಟ್ಟಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ರುಜು ಬಿತ್ತು. ಇವೆರಡು ಘಟನೆಗಳ ನಡುವಿನ ವಾರಗಳಲ್ಲಿ, ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಅವರನ್ನು ಸಾಮೂಹಿಕವಾಗಿ ಸೆರೆಹಿಡಿಸಿ, ಘಟ್ಟ ಹತ್ತಿಸಿ, ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಹೆಂಗಸರು, ಮಕ್ಕಳು, ಮುದುಕರೆನ್ನದೆ ನಡೆದರು. ದಾರಿಯಲ್ಲಿ ಸತ್ತವರು ಅನೇಕರು. ಸೆರೆಯಲ್ಲಿ ಸತ್ತವರು, ಬಲವಂತದಿಂದ ಮತಾಂತರಗೊಂಡವರು, ಸೇನೆಗೆ ಸೇರಿಸಲ್ಪಟ್ಟವರು ಇನ್ನೂ ಅನೇಕರು. ಸೆರೆ ಮುಗಿದುದು 1799ರ ಮೇ 4ರಂದು, ಶ್ರೀರಂಗಪಟ್ಟಣದ ಪತನದೊಂದಿಗೆ. ಅಂದರೆ ಹದಿನೈದು ವರ್ಷ. ನಡೆದು ಹೋದ ಮಗು ಹಿಂದಿರುಗುವಾಗ ಯೌವನಕ್ಕೆ ಬಂದಿತ್ತು.

ಎಷ್ಟು ಜನರನ್ನು ಒಯ್ದರು? ಹಳೆಯ ಬರಹಗಳಲ್ಲಿ 30,000ದಿಂದ ಹಿಡಿದು 60,000ಕ್ಕೂ ಮಿಕ್ಕಿದ ಸಂಖ್ಯೆಗಳು ಸಿಗುತ್ತವೆ. ಇಂಗ್ಲಿಷ್ ಯುದ್ಧಕೈದಿ ಬರೆದ ನೆನಪು ಒಂದು ಬಗೆಯದು. ಕಂಪನಿಯ ಅಧಿಕಾರಿಯ ವರದಿ ಇನ್ನೊಂದು. ಸುಲ್ತಾನನ ಆಸ್ಥಾನದ ಚರಿತ್ರೆ ಮತ್ತೊಂದು. ಮನೆಮನೆಯಲ್ಲಿ ಹೇಳಿಕೊಂಡು ಬಂದದ್ದು ನಾಲ್ಕನೆಯದು. ಗೆದ್ದವನು ತನ್ನ ಪ್ರತಾಪವನ್ನು ತೋರಿಸಲು ಸಂಖ್ಯೆಯನ್ನು ಹೆಚ್ಚಿಸಬಹುದು. ಅವನ ವೈರಿ ಅವನ ಕ್ರೌರ್ಯವನ್ನು ತೋರಿಸಲು ಅದೇ ಸಂಖ್ಯೆಯನ್ನು ಹೆಚ್ಚಿಸಬಹುದು. ಕಾರಣ ಬೇರೆ, ಫಲ ಒಂದೇ. ಆದ್ದರಿಂದ ಯಾರು, ಯಾವಾಗ, ಯಾರಿಗಾಗಿ ಬರೆದರು ಎಂದು ಕೇಳದೆ ಸಂಖ್ಯೆಯನ್ನು ಒಪ್ಪಬಾರದು. ಹಾಗೆಂದು ಸಂಖ್ಯೆಗಳು ಹೊಂದುವುದಿಲ್ಲವಾದ್ದರಿಂದ ಘಟನೆಯೇ ನಡೆಯಲಿಲ್ಲ ಎನ್ನುವುದೂ ತಪ್ಪು. ಅತಿ ಚಿಕ್ಕ ಅಂದಾಜನ್ನೇ ಹಿಡಿದರೂ ಒಂದು ಸಮುದಾಯದ ಬಹುಪಾಲು ಜನ ಮನೆಮಠ ಕಳೆದುಕೊಂಡರೆಂಬುದು ಉಳಿದೇ ಉಳಿಯುತ್ತದೆ.

ದಿನದ ವಿಷಯದಲ್ಲಿಯೂ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಸೆರೆ ಆರಂಭವಾದುದು ವಿಭೂತಿ ಬುಧವಾರದಂದು ಎಂಬುದು ಸಮುದಾಯದ ನೆನಪು. ಅನೇಕ ಪುಸ್ತಕಗಳು 1784ರ ಫೆಬ್ರವರಿ 24 ಎಂದು ತಾರೀಕು ಕೊಡುತ್ತವೆ. ವಿಭೂತಿ ಬುಧವಾರ ಯಾವಾಗಲೂ ಈಸ್ಟರ್ ಭಾನುವಾರಕ್ಕೆ 46 ದಿನ ಮೊದಲು ಬರುತ್ತದೆ. ಈಸ್ಟರ್ ಹಬ್ಬವನ್ನು ಗೊತ್ತುಮಾಡಲು ಗಣಿತದ ಸೂತ್ರವಿದೆ. ಅದರಂತೆ 1784ರ ಈಸ್ಟರ್ ಏಪ್ರಿಲ್ 11. ಆ ವರ್ಷ ಅಧಿಕ ವರ್ಷವಾದುದರಿಂದ ಫೆಬ್ರವರಿಗೆ 29 ದಿನ. ಹಿಂದಕ್ಕೆ 46 ದಿನ ಎಣಿಸಿದರೆ ಸಿಗುವುದು ಫೆಬ್ರವರಿ 25. ಅಂದರೆ 24 ಮಂಗಳವಾರ, ಬುಧವಾರ 25. ವ್ಯತ್ಯಾಸ ಒಂದೇ ದಿನದ್ದು, ಅದರಿಂದ ನೋವು ಹೆಚ್ಚು ಕಡಿಮೆಯಾಗುವುದಿಲ್ಲ. ಆದರೆ ಎಷ್ಟೋ ಪುಸ್ತಕಗಳಲ್ಲಿ ಅಚ್ಚಾದ ಮಾತನ್ನೂ ಕಾಗದ ಪೆನ್ಸಿಲ್ ಹಿಡಿದು ಪರೀಕ್ಷಿಸಬಹುದು ಎಂಬುದನ್ನು ಇದು ತೋರಿಸುತ್ತದೆ.

ನಾಶವಾದ ಇಗರ್ಜಿಗಳನ್ನು ಸಾಮಾನ್ಯವಾಗಿ 27 ಎಂದು ಎಣಿಸುತ್ತಾರೆ. ಮಿಲಾಗ್ರಿಸ್ ನೆಲಸಮವಾಯಿತು. ಮೂಡುಬಿದಿರೆಯ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಉಳಿಯಿತು. ಮೂಡುಬಿದಿರೆಯ ಜೈನ ಅರಸ ಚೌಟರು ಅದಕ್ಕಾಗಿ ಕೇಳಿಕೊಂಡರೆಂದು ಚರಿತ್ರೆ ಹೇಳುತ್ತದೆ. ಜಾಗ ಕೊಟ್ಟವಳು ವೀರಶೈವ ರಾಣಿ, ಉಳಿಸಿಕೊಟ್ಟವನು ಜೈನ ಅರಸ. 1784ನ್ನು ನೆನೆಯುವವರು ಇವರಿಬ್ಬರನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

ಮರಳಿ ಕಟ್ಟಿದವರು

1799ರ ನಂತರ ಬದುಕಿ ಉಳಿದವರು ಸಣ್ಣ ಸಣ್ಣ ಗುಂಪುಗಳಾಗಿ ಹಿಂದಿರುಗಿದರು. ಹಿಂದಿರುಗಿದವರಿಗೆ ಇಗರ್ಜಿ ಇರಲಿಲ್ಲ. ಎಷ್ಟೋ ಕಡೆ ಅವರ ಭೂಮಿ ಬೇರೆಯವರ ಕೈಯಲ್ಲಿತ್ತು. ಇಗರ್ಜಿಗಳೊಂದಿಗೆ ಅವುಗಳಲ್ಲಿದ್ದ ದಾಖಲೆ ಪುಸ್ತಕಗಳಿಗೂ ಉಳಿಗಾಲವಿರಲಿಲ್ಲ.

ಈ ಕೊನೆಯ ನಷ್ಟ ಎಷ್ಟು ದೊಡ್ಡದೆಂದು ತಿಳಿಯಲು ಯೂರೋಪಿನತ್ತ ಒಮ್ಮೆ ನೋಡಬೇಕು. 1563ರಲ್ಲಿ ತ್ರೆಂತ್ ನಗರದಲ್ಲಿ ಸೇರಿದ ಕ್ಯಾಥೊಲಿಕ್ ಮಹಾಸಭೆ ಪ್ರತಿ ಫಿರ್ಗಜಿನ ಪಾದ್ರಿ ಜ್ಞಾನಸ್ನಾನ ಮತ್ತು ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಮಗುವಿನ ಹೆಸರು, ತಂದೆತಾಯಿಯ ಹೆಸರು, ಸಾಕ್ಷಿ ನಿಂತವರ ಹೆಸರು, ದಿನ, ಊರು, ಎಲ್ಲವೂ ಅದರಲ್ಲಿರುತ್ತವೆ. ಸರಕಾರ ಜನನ ಮರಣಗಳನ್ನು ಕ್ರಮವಾಗಿ ನೋಂದಾಯಿಸತೊಡಗುವುದಕ್ಕೆ ಬಹಳ ಹಿಂದಿನಿಂದಲೇ ಇಗರ್ಜಿಯ ಕಪಾಟಿನಲ್ಲಿ ಈ ಪುಸ್ತಕಗಳಿದ್ದವು. ಇತಿಹಾಸಕಾರರಿಗೆ ಇವು ಚಿನ್ನದ ಗಣಿ. ಯಾವ ವರ್ಷ ಮಕ್ಕಳ ಮರಣ ಹೆಚ್ಚಿತು, ಯಾವ ಊರಿನಿಂದ ಯಾವ ಊರಿಗೆ ಹೆಣ್ಣು ತಂದರು, ಯಾವ ಹೆಸರು ಬಳಕೆಗೆ ಬಂತು, ಯಾವುದು ಮರೆಯಾಯಿತು ಎಂಬುದನ್ನು ಇವು ತಿಳಿಸಬಲ್ಲವು. ಅರಮನೆಯ ಚರಿತ್ರೆಯಲ್ಲಿ ಕಾಣಿಸದ ಬಡವನ ಹೆಸರು ಇಲ್ಲಿ ಕಾಣಿಸುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಗರ್ಜಿಗಳು ಒಂದೊಂದಾಗಿ ಮರಳಿ ಎದ್ದವು. 1845ರಲ್ಲಿ ಮಂಗಳೂರು ಕೇರಳದ ವೆರಾಪೊಲಿಯಿಂದ ಬೇರ್ಪಟ್ಟು ಪ್ರತ್ಯೇಕ ಧರ್ಮಾಡಳಿತದ ಘಟಕವಾಯಿತು. 1873ರಲ್ಲಿ ಕುಲಶೇಖರದಲ್ಲಿ ಫ್ರೆಂಚ್ ಪಾದ್ರಿ ಅಲೆಗ್ಸಾಂಡರ್ ದ್ಯುಬುವಾ ಕೊರ್ಡೆಲ್ ಇಗರ್ಜಿಯನ್ನು ಸ್ಥಾಪಿಸಿದರು. ಜನ ಅವರನ್ನು ಪ್ರೀತಿಯಿಂದ ‘ಫ್ರಾದ್ ಸಾಯ್ಬ್’ ಎಂದು ಕರೆದರು. 1878ರ ಡಿಸೆಂಬರ್ 31ರಂದು ಜೆಸುಯಿಟ್ ಸಂಘದ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅದೇ ವರ್ಷ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಹಂಚತೊಡಗಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯ ಬೀಜ ಅದು. 1882ರಲ್ಲಿ ಕೊಡಿಯಾಲಬೈಲು ಮುದ್ರಣಾಲಯ ಶುರುವಾಯಿತು. 1886ರಲ್ಲಿ ಮಂಗಳೂರು ಪೂರ್ಣ ಧರ್ಮಪ್ರಾಂತ್ಯವಾಗಿ, ನಿಕೊಲಸ್ ಪಗಾನಿ ಮೊದಲ ಬಿಷಪರಾದರು. ಹೀಗೆ ಇಗರ್ಜಿಯ ಸುತ್ತ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳು ಬೆಳೆದವು.

ಮುರಕಲ್ಲು ಮತ್ತು ಹಂಚು

ಕಟ್ಟಡಗಳೂ ದಾಖಲೆಗಳೇ. ಅವನ್ನು ಓದಲು ಸ್ವಲ್ಪ ವಿಜ್ಞಾನ ಬೇಕು. ಈ ಭಾಗದ ಹಳೆಯ ಇಗರ್ಜಿಗಳ ಗೋಡೆ ಮುರಕಲ್ಲಿನದು. ಅಗೆಯುವಾಗ ಮೆದುವಾಗಿದ್ದು ಕೊಡಲಿಯಿಂದ ಕಡಿಯಲು ಬರುವ ಈ ಕಲ್ಲು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಕಬ್ಬಿಣದ ಸಂಯುಕ್ತಗಳೇ ಇದಕ್ಕೆ ಕಾರಣ. ಕಂಪನಿ ಸರಕಾರದ ಪರವಾಗಿ 1800–01ರಲ್ಲಿ ಮೈಸೂರು, ಮಲಬಾರ್, ಕೆನರಾಗಳಲ್ಲಿ ಸಂಚರಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ವಿವರವಾಗಿ ಬಣ್ಣಿಸಿದ. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಅವನು ಇಟ್ಟ ಹೆಸರನ್ನೇ ಇಂದು ಪ್ರಪಂಚದ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ.

ಮಾಡಿನದು ಇನ್ನೊಂದು ಕಥೆ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಮುಳಿಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊದೆಸಬೇಕು. ಬೆಂಕಿಯ ಭಯ ಬೇರೆ. 1865ರಲ್ಲಿ ಜೆಪ್ಪುವಿನಲ್ಲಿ ಪ್ರೊಟೆಸ್ಟೆಂಟರ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ತೆರೆಯಿತು. ಫ್ರಾನ್ಸಿನಲ್ಲಿ ರೂಪುಗೊಂಡಿದ್ದ ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಮಾದರಿ ಮಂಗಳೂರಿನ ನದಿಗಳ ಜೇಡಿಮಣ್ಣಿನಲ್ಲಿ ಹೊಸ ಜನ್ಮ ಪಡೆಯಿತು. ಮೂರು ವರ್ಷದಲ್ಲಿ, 1868ರಲ್ಲಿ, ಮಂಗಳೂರಿನ ಕ್ಯಾಥೊಲಿಕ್ ಉದ್ಯಮಿಗಳಾದ ಆಲ್ಬುಕರ್ಕರ ಕಾರ್ಖಾನೆಯೂ ಬಂತು. ಕಡಿಮೆ ತೂಕದ ಈ ಹಂಚಿನಿಂದಾಗಿ ದೊಡ್ಡ ಮಾಡನ್ನು ಕಡಿಮೆ ಮರದಲ್ಲಿ ನಿಲ್ಲಿಸುವುದು ಸಾಧ್ಯವಾಯಿತು. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಆದರೆ ಎಚ್ಚರ ಬೇಕು. ಹಂಚನ್ನು ಆಗಾಗ ಬದಲಿಸುತ್ತಾರೆ. ಹಂಚಿನ ವಯಸ್ಸು ಗೋಡೆಯ ವಯಸ್ಸಲ್ಲ.

ಮಗಳು ಬೇರೆ ಮನೆ ಮಾಡಿದ್ದು

ಈಗ ದೇರೆಬೈಲಿನಂಥ ಊರಿಗೆ ಮರಳೋಣ. ಹಂಪನಕಟ್ಟೆಯಿಂದ ಇಲ್ಲಿಗೆ ಸುಮಾರು ಐದು ಕಿಲೋಮೀಟರು. ಇಂದು ಬಸ್ಸಿನಲ್ಲಿ ಕೆಲವು ನಿಮಿಷಗಳ ದಾರಿ. ಆದರೆ ಜೂನ್ ತಿಂಗಳ ಮಳೆಯಲ್ಲಿ, ಡಾಮರು ರಸ್ತೆ ಇಲ್ಲದ ಕಾಲದಲ್ಲಿ, ಗುಡ್ಡ ಹತ್ತಿ ಬೈಲು ಇಳಿದು, ತೋಡು ದಾಟಿ, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಭಾನುವಾರದ ಬಲಿಪೂಜೆಗೆ ಹೋಗುವುದು ಸುಲಭವಾಗಿರಲಿಲ್ಲ. ರಾತ್ರಿ ಯಾರಿಗಾದರೂ ಕಾಯಿಲೆ ಹೆಚ್ಚಿದರೆ ಪಾದ್ರಿಯನ್ನು ಕರೆತರುವುದು ಇನ್ನೂ ಕಷ್ಟ. ಮಂಗಳೂರಿನ ಸುತ್ತಲಿನ ಹೊಸ ಫಿರ್ಗಜುಗಳ ಹುಟ್ಟಿಗೆ ಮೊದಲ ಕಾರಣ ಈ ದೂರ. ಎರಡನೆಯ ಕಾರಣ ಬೆಳೆಯುತ್ತಿದ್ದ ಜನಸಂಖ್ಯೆ.

ಇಂಥ ಹುಟ್ಟಿಗೆ ಒಂದು ಕ್ರಮವಿದೆ. ಮೊದಲು ಊರವರೇ ಸೇರಿ ಒಂದು ಪುಟ್ಟ ಪ್ರಾರ್ಥನಾ ಮಂದಿರ ಅಥವಾ ಶಾಲೆ ಕಟ್ಟಿಕೊಳ್ಳುತ್ತಾರೆ. ತಾಯಿ ಇಗರ್ಜಿಯ ಪಾದ್ರಿ ಆಗಾಗ ಬಂದು ಪೂಜೆ ಮಾಡಿಸುತ್ತಾರೆ. ಮನೆಗಳು ಹೆಚ್ಚಿ, ಪಾದ್ರಿಯ ವಾಸಕ್ಕೆ ಮನೆ, ಖರ್ಚಿಗೆ ದಾರಿ ಆದ ಮೇಲೆ ಬಿಷಪರು ಆಜ್ಞೆಯ ಮೂಲಕ ಗಡಿ ಗುರುತಿಸಿ ಹೊಸ ಫಿರ್ಗಜನ್ನು ಸ್ಥಾಪಿಸುತ್ತಾರೆ. ಈ ಅಧಿಕಾರ ಬಿಷಪರಿಗೆ ಮಾತ್ರ ಇದೆ. ಅಂದಿನಿಂದ ಹೊಸ ಇಗರ್ಜಿಯಲ್ಲಿ ಹೊಸ ಜ್ಞಾನಸ್ನಾನದ ಪುಸ್ತಕ ತೆರೆಯುತ್ತದೆ, ಹೊಸ ಸಿಮಿಸ್ತ್ರಿಗೆ ಜಾಗ ನಿಗದಿಯಾಗುತ್ತದೆ. ಅಜ್ಜನ ಹೆಸರು ತಾಯಿ ಇಗರ್ಜಿಯ ಪುಸ್ತಕದಲ್ಲಿ, ಮೊಮ್ಮಗನ ಹೆಸರು ಮಗಳ ಪುಸ್ತಕದಲ್ಲಿ. ಮನೆಗಳನ್ನು ವಾಳೆಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ‘ಗುರ್ಕಾರ್’ ಎಂಬ ಮುಖ್ಯಸ್ಥರನ್ನು ನೇಮಿಸುತ್ತಾರೆ. ವಂತಿಗೆ ಎತ್ತುವುದು, ಸಾವುನೋವಿನ ಸುದ್ದಿ ಮುಟ್ಟಿಸುವುದು, ಜಗಳ ಬಿಡಿಸುವುದು ಗುರ್ಕಾರರ ಕೆಲಸವಾಗಿತ್ತು. ಊರಿನ ಸ್ವಯಮಾಡಳಿತದ ಒಂದು ಸಣ್ಣ ಪಾಠಶಾಲೆ ಅದು.

ಒಳಗಿನ ಬದಲಾವಣೆಯೂ ಕಡಿಮೆಯದಲ್ಲ. ಪೂಜೆ ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಅದು ಜನರ ಭಾಷೆಗೆ ಬಂತು. ಮಂಗಳೂರಿನಲ್ಲಿ ಜನರ ಭಾಷೆ ಕೊಂಕಣಿ, ಅದರ ಲಿಪಿ ಕನ್ನಡ. ಈ ಬದಲಾವಣೆಗೆ ನೆಲ ಮೊದಲೇ ಹದವಾಗಿತ್ತು. ಇಟಲಿಯಿಂದ ಬಂದ ಪಾದ್ರಿ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದ್ದರು. ಧರ್ಮಪ್ರಾಂತ್ಯದ ವಾರಪತ್ರಿಕೆ ‘ರಾಕ್ಣೊ’ 1938ರಿಂದ ಕನ್ನಡ ಲಿಪಿಯ ಕೊಂಕಣಿಯನ್ನು ಮನೆಮನೆಗೆ ಮುಟ್ಟಿಸಿತ್ತು. ಗೋವೆಯಲ್ಲಿ ಯಾವ ಭಾಷೆಯನ್ನು ಬಿಡಬೇಕೆಂದು ಪೂರ್ವಜರನ್ನು ಒತ್ತಾಯಿಸಲಾಗಿತ್ತೋ ಅದೇ ಭಾಷೆ ಇಲ್ಲಿ ಪೂಜಾಪೀಠವನ್ನು ಏರಿತು.

ಬೈಲು ಹೋಯಿತು, ತೆನೆ ಉಳಿಯಿತು

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ನಗರ ಉತ್ತರಕ್ಕೆ ಚಾಚಿತು. 1951ರಲ್ಲಿ ಬಜಪೆಯ ವಿಮಾನ ನಿಲ್ದಾಣ, 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, ಎಪ್ಪತ್ತರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ಮತ್ತು ಗೊಬ್ಬರದ ಕಾರ್ಖಾನೆ ಬಂದವು. ಹಳೆಯ ನಗರಕ್ಕೂ ಇವುಗಳಿಗೂ ನಡುವೆ ಸಿಕ್ಕ ದೇರೆಬೈಲಿನಲ್ಲಿ ನೆಲದ ಬೆಲೆ ಏರಿತು. 1974ರ ಭೂಸುಧಾರಣೆಯಿಂದ ಕರಾವಳಿಯಲ್ಲಿ ಗೇಣಿದಾರರು ಒಡೆಯರಾದರು. ಅವರ ಮಕ್ಕಳು ಮುಂಬಯಿಗೆ, ಕೊಲ್ಲಿಯ ದೇಶಗಳಿಗೆ ಹೋದರು. ಗದ್ದೆ ಮಾಡುವ ಕೈಗಳು ಕಡಿಮೆಯಾದವು. ಬೈಲಿನಲ್ಲಿ ಮನೆಗಳು ಎದ್ದವು. ಹಳ್ಳಿಯ ಒಕ್ಕಲುಗಳ ಫಿರ್ಗಜ್ ನಗರದ ನೌಕರರ ಫಿರ್ಗಜ್ ಆಯಿತು.

ಆದರೂ ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಮಂಗಳೂರಿನ ಇಗರ್ಜಿಗಳಲ್ಲಿ ಮೊಂತಿ ಹಬ್ಬ ನಡೆಯುತ್ತದೆ. ಅದು ಮೇರಿ ಮಾತೆಯ ಜನ್ಮದಿನ, ತೆನೆಹಬ್ಬವೂ ಹೌದು. ಮಕ್ಕಳು ಒಂಬತ್ತು ದಿನ ಹೂ ತಂದು ಅರ್ಪಿಸುತ್ತಾರೆ. ಹಬ್ಬದಂದು ಭತ್ತದ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಆ ಕಾಳನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಸೇವಿಸಿ, ಮೀನು ಮಾಂಸವಿಲ್ಲದ ಊಟ ಮಾಡುತ್ತಾರೆ. ಹಬ್ಬದ ಮೂಲವನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಗುಡ್ಡಕ್ಕೂ, 1763ರಲ್ಲಿ ಅಲ್ಲಿದ್ದ ಪಾದ್ರಿ ಜೋಕಿಂ ಮಿರಾಂದರಿಗೂ ಹೊಂದಿಸಿ ಹೇಳುತ್ತಾರೆ. ತುಳುನಾಡಿನ ಇತರ ಮನೆಗಳಲ್ಲಿ ತೆನೆ ಕಟ್ಟುವ, ಹೊಸ ಅಕ್ಕಿ ಊಟ ಮಾಡುವ ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಇವೆರಡೂ ಒಂದೇ ಗದ್ದೆಯ ಬೆಳೆ ಎಂದು ತಿಳಿಯುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನಲ್ಲಿ ಇಗರ್ಜಿ ಇರಬಹುದು, ದೇವಸ್ಥಾನ, ಬಸದಿ, ಮಸೀದಿ ಇರಬಹುದು. ಅದರ ಚರಿತ್ರೆಯನ್ನು ಬರೆಯಲು ಹೊರಟರೆ ಮೊದಲು ಈ ಪ್ರಶ್ನೆಗಳನ್ನು ಕೇಳಿ: ಜಾಗವನ್ನು ಕೊಟ್ಟವರು ಯಾರು? ಕಲ್ಲು ಹೊತ್ತವರು ಯಾರು? ಯಾರಿಗೆ ಒಳಗೆ ಮುಂದಿನ ಸಾಲು, ಯಾರಿಗೆ ಹಿಂದಿನದು ಸಿಕ್ಕಿತು? ಕಷ್ಟಕಾಲದಲ್ಲಿ ಅದನ್ನು ಉಳಿಸಿದವರು ಯಾರು? ಹೇಳಿದವರ ಮಾತನ್ನು ಗೌರವದಿಂದ ಕೇಳಿ, ನಂತರ ಶಿಲಾಫಲಕದೊಡನೆ, ದಾಖಲೆ ಪುಸ್ತಕದೊಡನೆ, ಪಂಚಾಂಗದೊಡನೆ ಹೋಲಿಸಿ ನೋಡಿ. ಹಿರಿಯರ ನೆನಪುಗಳನ್ನು ಈಗಲೇ ಬರೆದುಕೊಳ್ಳಿ. ಶಿಲಾಫಲಕ ಮುಂದಿನ ವರ್ಷವೂ ಇರುತ್ತದೆ, ಎಂಬತ್ತೈದು ವರ್ಷದ ಅಜ್ಜಿ ಇರುವರೆಂದು ಹೇಳಲಾಗದು.

ದೇರೆಬೈಲಿನ ಇಗರ್ಜಿಯಲ್ಲಿ ಇಂದು ಜ್ಞಾನಸ್ನಾನ ಪಡೆಯುವ ಮಗುವಿನ ಹೆಸರನ್ನು ಪುಸ್ತಕದಲ್ಲಿ ಬರೆಯಲು ಒಂದೇ ಸಾಲು ಸಾಕು. ಆ ಸಾಲಿನ ಹಿಂದೆ ಗೋವೆಯ ದೋಣಿ, ಕೆಳದಿಯ ರಾಣಿ, ಘಟ್ಟದ ದಾರಿ, ಚೌಟರ ಮಾತು, ಮುರಕಲ್ಲು ಹೊತ್ತ ಕೂಲಿಯಾಳು ಎಲ್ಲರೂ ಇದ್ದಾರೆ. ಆ ಮಗು ದೊಡ್ಡದಾಗಿ ತನ್ನ ಊರಿನ ಕಥೆ ಕೇಳಿದಾಗ ಇವರಲ್ಲಿ ಒಬ್ಬರನ್ನೂ ಬಿಡದೆ ಹೇಳುವ ಹೊಣೆ ನಮ್ಮದು.